‘ಬಿಹೈಂಡ್ ದ ನೇಮ್’: ಲಾರೆನ್ಸ್ ಎಂಬ ಒಂದು ಹೆಸರು ಹಿಡಿದು ನೋಡಿದರೆ

ಮಕ್ಕಳ ಹೆಸರಿನ ಅರ್ಥ ಹೇಳುವ ತಾಣಗಳಿಗೂ ಆ್ಯಪ್‌ಗಳಿಗೂ ಬರವಿಲ್ಲ. ಯಾವ ಹೆಸರು ಕೊಟ್ಟರೂ ‘ವಿಜಯಿ’, ‘ಧೈರ್ಯವಂತ’, ‘ದೇವರ ಕೊಡುಗೆ’ ಎಂದು ಏನಾದರೊಂದು ಬರುತ್ತದೆ. ಇಷ್ಟು ಖಚಿತ, ಇದರಾಚೆಗೆ ಊಹೆ ಎಂದು ಗೆರೆ ಎಳೆದು ಹೇಳುವವರು ಕಡಿಮೆ. 1996ರಲ್ಲಿ ಮೈಕ್ ಕ್ಯಾಂಬೆಲ್ ಶುರುಮಾಡಿದ ‘ಬಿಹೈಂಡ್ ದ ನೇಮ್’ ಆ ಕಡಿಮೆ ಜನರ ಸಾಲಿನದು. ಇಂಗ್ಲಿಷಿನಲ್ಲಿದೆ, ದುಡ್ಡು ಕೊಡದೆ ಓದಬಹುದು, ಖಾತೆ ತೆರೆಯುವ ಕಡ್ಡಾಯವಿಲ್ಲ.

ಇಂಥ ತಾಣವನ್ನು ಪರೀಕ್ಷಿಸಲು ಸುಲಭದ ಹೆಸರು ಹಿಡಿಯಬಾರದು. ವಿಕ್ಟರ್ ಎಂದರೆ ಗೆದ್ದವನು, ಫೆಲಿಕ್ಸ್ ಎಂದರೆ ಭಾಗ್ಯವಂತ. ಎರಡೂ ಲ್ಯಾಟಿನ್ನಿನಲ್ಲಿ ನೇರ ಪದಗಳು, ಯಾರೂ ತಪ್ಪು ಹೇಳುವುದಿಲ್ಲ. ಗಂಟುಗಂಟಾದ ಹೆಸರು ಬೇಕು. ನಮ್ಮ ಕರಾವಳಿಯಲ್ಲಿ ಕ್ರೈಸ್ತರಲ್ಲದವರಿಗೂ ಪರಿಚಿತವಾದ ಲಾರೆನ್ಸ್ ಅದಕ್ಕೆ ಹೇಳಿ ಮಾಡಿಸಿದ್ದು. ಇದರ ಮೂಲ ಲ್ಯಾಟಿನ್ ರೂಪ ಲೌರೆಂಟಿಯುಸ್. ಒಂದು ಊರು, ಒಂದು ಮರ, ಒಬ್ಬ ಹುತಾತ್ಮ, ಒಬ್ಬ ಐರಿಷ್ ಆರ್ಚ್‌ಬಿಷಪ್, ಜೊತೆಗೆ ಗಂಡೋ ಹೆಣ್ಣೋ ಎಂಬ ಗೊಂದಲ, ಎಲ್ಲವೂ ಈ ಒಂದೇ ಹೆಸರಿನಲ್ಲಿ ಸಿಕ್ಕಿಕೊಂಡಿವೆ.

ಮೊದಲ ಎಡವು ಹುಡುಕು ಪೆಟ್ಟಿಗೆಯಲ್ಲೇ. ಇಂಗ್ಲಿಷಿನಲ್ಲಿ ಈ ಹೆಸರಿಗೆ ಎರಡು ಕಾಗುಣಿತ: ನಡುವೆ ‘ಯು’ ಅಕ್ಷರ ಬರುವುದು ಹಳೆಯದು, ‘ಡಬ್ಲ್ಯು’ ಬರುವುದು ಈಗ ಹೆಚ್ಚು ಬಳಕೆಯಲ್ಲಿರುವುದು. ನಮ್ಮವರು ಸಾಮಾನ್ಯವಾಗಿ ಬರೆಯುವ ಡಬ್ಲ್ಯು ರೂಪವನ್ನು ಹಾಕಿದರೆ ಸಿಗುವ ಪುಟ ಚಿಕ್ಕದು. ಮುಖ್ಯ ವಿವರಣೆ ‘ಯು’ ಕಾಗುಣಿತದ ಪುಟದಲ್ಲಿದೆ. ಅಲ್ಲಿಗೆ ಹೋದರೆ ಒಂದೇ ಕಾಗುಣಿತಕ್ಕೆ 1, 2 ಎಂದು ಅಂಕಿ ಹಾಕಿದ ಎರಡು ನಮೂದು. ಒಂದನೆಯದು ಇಂಗ್ಲಿಷಿನ ಗಂಡು ಹೆಸರು. ಎರಡನೆಯದು ಫ್ರೆಂಚಿನ ಹೆಣ್ಣು ಹೆಸರು; ಅಲ್ಲಿ ಗಂಡಿಗೆ ಲೊರಾಂ, ಹೆಣ್ಣಿಗೆ ಲೊರಾನ್ಸ್. ಫ್ರಾನ್ಸಿನಲ್ಲೋ ಕೆನಡಾದ ಕ್ವಿಬೆಕ್‌ನಲ್ಲೋ ಇರುವ ಕನ್ನಡಿಗ ದಂಪತಿ ಮಗನಿಗೆ ‘ಯು’ ಕಾಗುಣಿತದ ಲಾರೆನ್ಸ್ ಇಟ್ಟರೆ, ಶಾಲೆಯ ಹಾಜರಿ ಪುಸ್ತಕ ನೋಡಿದವರು ಹುಡುಗಿ ಎಂದೇ ತಿಳಿಯುತ್ತಾರೆ. ಈ ಅಂಕಿ ಹಾಕುವ ಕ್ರಮ ಕಣ್ಣಿಗೆ ಸಣ್ಣದಾಗಿ ಕಂಡರೂ ತಾಣದ ಅತಿ ಉಪಯುಕ್ತ ಏರ್ಪಾಡು ಇದೇ. ಮಾಮೂಲಿ ಆ್ಯಪ್‌ಗಳು ಇಂಥ ಜೋಡಿಗಳನ್ನು ಕಲಸಿ ‘ಇಬ್ಬರಿಗೂ ಇಡಬಹುದು’ ಎಂದು ಬಿಡುತ್ತವೆ.

ಈಗ ಅರ್ಥಕ್ಕೆ ಬರೋಣ. ಬೇರೆ ಕಡೆ ಸಾಮಾನ್ಯವಾಗಿ ಸಿಗುವ ಉತ್ತರ ‘ಲಾರೆಲ್ ಎಲೆಯ ಕಿರೀಟ ತೊಟ್ಟವನು’. ಕೇಳಲು ಚೆನ್ನಾಗಿದೆ. ಆದರೆ ಹೆಸರಿನ ರಚನೆ ಹಾಗಿಲ್ಲ. ‘ಬಿಹೈಂಡ್ ದ ನೇಮ್’ ಕೊಡುವುದು ‘ಲೌರೆಂಟಮ್ ಊರಿನವನು’ ಎಂಬ ಅರ್ಥವನ್ನು; ಆ ಊರಿನ ಹೆಸರು ಬಹುಶಃ ಲಾರೆಲ್ ಮರಕ್ಕಿರುವ ಲ್ಯಾಟಿನ್ ಪದ ‘ಲೌರುಸ್’ನಿಂದ ಬಂದಿರಬಹುದು ಎಂಬುದನ್ನು ಎರಡನೆಯ ಹಂತದಲ್ಲಿಡುತ್ತದೆ. ಈ ಎರಡು ಹಂತಗಳನ್ನು ಬೇರೆ ಬೇರೆ ಇಟ್ಟಿರುವುದೇ ಸರಿಯಾದ ಕೆಲಸ. ಹೆಸರಿನಿಂದ ಊರಿಗೆ ಹೋಗುವ ದಾರಿ ಗಟ್ಟಿ. ಊರಿನಿಂದ ಮರಕ್ಕೆ ಹೋಗುವ ದಾರಿ ಊಹೆಯದು.

ಊಹೆ ಇವತ್ತಿನದಲ್ಲ, ರೋಮನ್ನರಿಗೇ ಇತ್ತು. ರೋಮನ್ ಕವಿ ವರ್ಜಿಲನ ‘ಈನೀಡ್’ ಕಾವ್ಯದ ಏಳನೆಯ ಭಾಗದಲ್ಲಿ ಲ್ಯಾಟಿನುಸ್ ರಾಜನ ಅರಮನೆಯ ನಟ್ಟನಡುವೆ ಒಂದು ಲಾರೆಲ್ ಮರ ಇದೆ. ಕೋಟೆ ಕಟ್ಟುವಾಗ ರಾಜ ಅದನ್ನು ಕಂಡು ಅಪೋಲೋ ದೇವತೆಗೆ ಅರ್ಪಿಸಿದ, ಅದರಿಂದಲೇ ಜನರಿಗೆ ‘ಲೌರೆಂಟೆಸ್’ ಎಂದು ಹೆಸರಿಟ್ಟ ಎನ್ನುತ್ತದೆ ಕಾವ್ಯ. ಸ್ಥಳಪುರಾಣಗಳ ಧಾಟಿ ನಮಗೂ ಹೊಸದಲ್ಲ: ಹೆಸರು ಮೊದಲೇ ಇರುತ್ತದೆ, ಕಥೆ ಆಮೇಲೆ ಹುಟ್ಟುತ್ತದೆ. ಲೌರೆಂಟಮ್ ಪ್ರದೇಶ ಇದ್ದದ್ದು ರೋಮ್‌ನ ಬಂದರು ಓಸ್ಟಿಯಾದ ದಕ್ಷಿಣಕ್ಕೆ, ಕಡಲ ಅಂಚಿನಲ್ಲಿ. ರೋಮನ್ ಲೇಖಕ ಕಿರಿಯ ಪ್ಲಿನಿ ತನ್ನ ಲೌರೆಂಟೈನ್ ಬಂಗಲೆ ರೋಮ್‌ನಿಂದ 17 ರೋಮನ್ ಮೈಲಿ ದೂರ, ದಿನದ ಕೆಲಸ ಮುಗಿಸಿಕೊಂಡು ಬಂದು ತಂಗಬಹುದು ಎಂದು ಕಾಗದದಲ್ಲಿ ಬರೆದಿದ್ದಾನೆ. ತಾಣದ ಪುಟದಲ್ಲಿ ಇಷ್ಟು ವಿವರ ನಿರೀಕ್ಷಿಸಬೇಡಿ. ಅಲ್ಲಿ ಇಡೀ ವಿಷಯಕ್ಕೆ ಒಂದು ಪ್ಯಾರಾ ಅಷ್ಟೆ.

ಲಾರೆಲ್ ಎಂದರೆ ಯಾವ ಮರ ಎಂಬ ಪ್ರಶ್ನೆಗೂ ಅಲ್ಲಿ ಉತ್ತರ ಇಲ್ಲ. ಇಂಗ್ಲಿಷ್ ಅಡುಗೆಯ ಬೇ ಲೀಫ್ ಈ ಮರದ್ದು. ನಾವು ಪಲಾವ್‌ಗೆ ಹಾಕುವ ಎಲೆ ಅದಲ್ಲ. ಎರಡೂ ಒಂದೇ ಸಸ್ಯಕುಟುಂಬಕ್ಕೆ ಸೇರಿದರೂ ನಮ್ಮದು ದಾಲ್ಚಿನ್ನಿಯ ಬಳಗ. ಎಲೆಯ ಉದ್ದಕ್ಕೂ ಮೂರು ನರ ಎದ್ದು ಕಂಡರೆ ನಮ್ಮದು. ನಡುವೆ ಒಂದೇ ದಪ್ಪ ನರ, ಪಕ್ಕಕ್ಕೆ ಕವಲು ಇದ್ದರೆ ರೋಮನ್ನರದು.

ಇನ್ನು ‘ಕಾಗ್ನೋಮೆನ್’ ಎಂಬ ಪದ. ತಾಣ ಲೌರೆಂಟಿಯುಸ್ ಅನ್ನು ರೋಮನ್ ಕಾಗ್ನೋಮೆನ್ ಎನ್ನುತ್ತದೆ. ಹೊಸಬರು ಇದನ್ನು ದಾಟಿಕೊಂಡು ಹೋಗಬಾರದು. ಗಾಯುಸ್ ಜೂಲಿಯುಸ್ ಸೀಸರ್ ಎಂಬಲ್ಲಿ ಮೊದಲನೆಯದು ಸ್ವಂತ ಹೆಸರು, ಎರಡನೆಯದು ಕುಲದ್ದು, ಮೂರನೆಯದು ಕಾಗ್ನೋಮೆನ್. ಇದು ಮೈಬಣ್ಣದಿಂದ, ಗುಣದಿಂದ, ಊರಿನಿಂದ ಬರುತ್ತಿತ್ತು. ಉತ್ತರ ಕರ್ನಾಟಕದಲ್ಲಿ ಊರೇ ಅಡ್ಡಹೆಸರಾಗಿ ನಿಂತ ಹಾಗೆ. ಸಾಮ್ರಾಜ್ಯದ ಕೊನೆಯ ಶತಮಾನಗಳಲ್ಲಿ ಮೂರು ಹೆಸರಿನ ಪದ್ಧತಿ ಸಡಿಲವಾಗಿ ಈ ಮೂರನೆಯದೇ ಕರೆಯುವ ಹೆಸರಾಯಿತು. ವಿನ್ಸೆಂಟಿಯುಸ್, ಫ್ಲೋರೆಂಟಿಯುಸ್, ಕಾನ್ಸ್ಟಾಂಟಿಯುಸ್ ಎಂದು ‘ಟಿಯುಸ್’ನಲ್ಲಿ ಮುಗಿಯುವ ಹೆಸರುಗಳು ಆ ಕಾಲದ ರೂಢಿ. ಆದ್ದರಿಂದ ‘ಪ್ರಾಚೀನ ರೋಮನ್ ಹೆಸರು’ ಎಂದಾಕ್ಷಣ ಸೀಸರನ ಕಾಲದ ಬೀದಿಯಲ್ಲಿ ಮಕ್ಕಳನ್ನು ಲೌರೆಂಟಿಯುಸ್ ಎಂದು ಕೂಗುತ್ತಿದ್ದರು ಎಂದುಕೊಳ್ಳುವುದು ತಪ್ಪು. ಆಗ ಚಾಲ್ತಿಯಲ್ಲಿದ್ದ ಸ್ವಂತ ಹೆಸರುಗಳು ಬೆರಳೆಣಿಕೆಯವು: ಮಾರ್ಕುಸ್, ಲೂಸಿಯುಸ್, ಗಾಯುಸ್, ಟೈಟುಸ್ ಮುಂತಾದವು.

ಉಚ್ಚಾರಣೆಯನ್ನು ತಾಣ ಅಂತರರಾಷ್ಟ್ರೀಯ ಧ್ವನಿಲಿಪಿಯಲ್ಲಿ ಭಾಷೆವಾರು ಕೊಡುತ್ತದೆ. ಧ್ವನಿಲಿಪಿ ಓದಲು ಬಾರದವರಿಗೆ ಇದು ಕಬ್ಬಿಣದ ಕಡಲೆ, ಆದರೂ ಒಂದು ಅಂಶವನ್ನು ಇಲ್ಲಿ ಗಮನಿಸಬೇಕು. ಹಳೆಯ ಲ್ಯಾಟಿನ್ನಿನಲ್ಲಿ ಇದು ‘ಲೌರೆಂಟಿಉಸ್’. ಚರ್ಚಿನ ಲ್ಯಾಟಿನ್ನಿನಲ್ಲಿ ‘ಟಿ’ಯ ಮುಂದೆ ಸ್ವರ ಬಂದರೆ ಅದು ‘ತ್ಸಿ’ ಆಗುತ್ತದೆ: ‘ಲೌರೆನ್ತ್ಸಿಉಸ್’. ಇಟಲಿಯ ಲೊರೆಂಜೊದಲ್ಲಿ ಇಂಗ್ಲಿಷಿನ ಜೆಡ್ ಅಕ್ಷರ, ಪೋರ್ಚುಗೀಸಿನ ಲೊರೆನ್ಸುವಿನಲ್ಲಿ ಬಾಲವಿರುವ ಸಿ, ಇಂಗ್ಲಿಷಿನಲ್ಲಿ ಕೊನೆಯ ‘ಸಿಇ’, ಕನ್ನಡದಲ್ಲಿ ‘ಸ್’ ಬಂದದ್ದು ಈ ಒಂದು ಬದಲಾವಣೆಯಿಂದ. ಇದು ತಿಳಿದಿದ್ದರೆ ವಿನ್ಸೆಂಟಿಯುಸ್ ಇಟಲಿಯಲ್ಲಿ ವಿನ್ಚೆನ್ಜೊ ಆದದ್ದೂ ಅರ್ಥವಾಗುತ್ತದೆ.

ಚರಿತ್ರೆಯ ಭಾಗದಲ್ಲಿ ತಾಣ ಚಿಕ್ಕದಾಗಿಯೂ ಎಚ್ಚರದಿಂದಲೂ ಬರೆದಿದೆ. ಹೆಸರು ಲೋಕಕ್ಕೆ ಹರಡಿದ್ದು ರೋಮ್‌ನ ಡೀಕನ್ (ಪಾದ್ರಿಗಿಂತ ಕೆಳಗಿನ ಹಂತದ ಚರ್ಚ್ ಸೇವಕ) ಸಂತ ಲಾರೆನ್ಸ್‌ರಿಂದ. ಚಕ್ರವರ್ತಿ ವಲೇರಿಯನ್ ಕಾಲದಲ್ಲಿ, 258ರ ಆಗಸ್ಟ್ 6ರಂದು ಪೋಪ್ ಎರಡನೆಯ ಸಿಕ್ಸ್‌ಟಸ್‌ರನ್ನು ಕೊಂದರು. ನಾಲ್ಕು ದಿನ ಬಿಟ್ಟು ಆಗಸ್ಟ್ 10ರಂದು ಲಾರೆನ್ಸ್‌ರನ್ನು. ಚರ್ಚಿನ ಸಂಪತ್ತು ಒಪ್ಪಿಸು ಎಂದಾಗ ಬಡವರನ್ನೂ ರೋಗಿಗಳನ್ನೂ ತಂದು ನಿಲ್ಲಿಸಿದ್ದು, ಕಬ್ಬಿಣದ ಸರಳುಗಳ ಮೇಲೆ ಸುಟ್ಟಿದ್ದು, ಎರಡೂ ಪರಂಪರೆಯ ಕಥೆಗಳು. ತಾಣವೂ ‘ಪರಂಪರೆಯ ಪ್ರಕಾರ’ ಎಂದೇ ಹೇಳುತ್ತದೆ. ಇಲ್ಲಿ ಅದು ಬಿಟ್ಟಿರುವ ಒಂದು ಸ್ವಾರಸ್ಯ ಇದೆ. ಆ ಕಾಲದ ಆಜ್ಞೆಯ ಪ್ರಕಾರ ಡೀಕನ್‌ಗಳನ್ನು ಹಿಡಿದ ಕೂಡಲೇ ಕೊಲ್ಲಬೇಕಿತ್ತು, ನಿಧಾನವಾಗಿ ಸುಡುವ ಶಿಕ್ಷೆ ಅದಕ್ಕೆ ಹೊಂದುವುದಿಲ್ಲ. ಹಾಗಾಗಿ ಕೆಲವು ವಿದ್ವಾಂಸರು ನಕಲುಗಾರನ ಕೈತಪ್ಪನ್ನು ಊಹಿಸಿದ್ದಾರೆ. ‘ಪಾಸುಸ್ ಎಸ್ಟ್’ ಎಂದರೆ ಯಾತನೆಪಟ್ಟ, ಅಂದರೆ ಹುತಾತ್ಮನಾದ. ಮೊದಲ ಒಂದಕ್ಷರ ಬಿಟ್ಟುಹೋದರೆ ಅದು ‘ಆಸುಸ್ ಎಸ್ಟ್’, ಸುಡಲ್ಪಟ್ಟ. ಇದು ಸಾಬೀತಾದ ಮಾತಲ್ಲ. ಆದರೆ ಈ ಸಂತ ಅಡುಗೆಯವರ ಪಾಲಕನೂ ಆಗಿರುವುದು ಸರಳುಗಳ ಕಥೆಯಿಂದ ಎಂದಮೇಲೆ, ಒಂದು ಅಕ್ಷರದ ಬೆಲೆ ಎಷ್ಟೆಂದು ಲೆಕ್ಕ ಹಾಕಿಕೊಳ್ಳಿ.

ಐರ್ಲೆಂಡಿನ ವಿಷಯದಲ್ಲಿ ತಾಣ ಪೂರ್ತಿ ಅಂಕ ಗಳಿಸುತ್ತದೆ. ಅಲ್ಲಿ ಲಾರೆನ್ಸ್ ಹೆಸರು ಜನಪ್ರಿಯವಾದದ್ದು ಡಬ್ಲಿನ್‌ನ ಆರ್ಚ್‌ಬಿಷಪ್ ಲಾರೆನ್ಸ್ ಓಟೂಲ್‌ರಿಂದ. ಅವರು ತೀರಿಕೊಂಡದ್ದು 1180ರಲ್ಲಿ. ಅವರ ನಿಜ ಹೆಸರು ಲೋರ್ಕಾನ್. ಅದು ಅಪ್ಪಟ ಐರಿಷ್ ಪದ, ಉಗ್ರ ಎಂಬ ಅರ್ಥದ ಧಾತುವಿನಿಂದ ಬಂದದ್ದು, ಲಾರೆಲ್‌ಗೂ ಲೌರೆಂಟಮ್‌ಗೂ ಸಂಬಂಧವೇ ಇಲ್ಲ. ಸದ್ದು ಹತ್ತಿರವಿದ್ದ ಲ್ಯಾಟಿನ್ ಹೆಸರನ್ನು ಅದರ ಜಾಗದಲ್ಲಿ ಕೂರಿಸಿದರು. ಲೋರ್ಕಾನ್ ಪುಟದಲ್ಲಿ ‘ಲಾರೆಲ್ ಕಿರೀಟ’ ಎಂದು ಬರೆದಿರುವ ಆ್ಯಪ್ ಕಂಡರೆ ಅಲ್ಲಿಗೇ ಮುಚ್ಚಿ.

ಬಂಧು ಹೆಸರುಗಳ ವಂಶವೃಕ್ಷ ತಾಣದ ಇನ್ನೊಂದು ದೊಡ್ಡ ಆಸ್ತಿ. ಲೊರೆಂಜೊ, ಲೊರೆನ್ಜ್, ಲೊರಾಂ, ಲವ್ರೆಂತಿ, ಲೊವ್ರೊ, ಲಾರ್ಸ್, ಲೌರಿ, ಲಾಸ್ಸೆ, ಲ್ಯಾರಿ ಎಲ್ಲ ಒಂದೇ ಬುಡದವು ಎಂದು ಅಲ್ಲಿ ಗೊತ್ತಾಗುತ್ತದೆ. ಪೋಲಿಷ್ ಭಾಷೆಯ ವಾವ್‌ಝಿನಿಯೆತ್ಸ್ ಮತ್ತು ಚೆಕ್ ಭಾಷೆಯ ವಾವ್ರ್ಝಿನೆತ್ಸ್ ಕೂಡ ಇದೇ ಹೆಸರು ಎಂಬುದು ಮೊದಲ ನೋಟಕ್ಕೆ ನಂಬುವಂತಿಲ್ಲ. ಚೆಕ್‌ನಲ್ಲಿ ಲಾರೆಲ್ ಮರಕ್ಕೆ ‘ವಾವ್ರ್ಝಿನ್’ ಎನ್ನುತ್ತಾರೆ. ಇಲ್ಲಿ ಎರಡು ಜಾಗದಲ್ಲಿ ಕಾಲು ಜಾರುತ್ತದೆ. ಲಾರಾ ಎಂಬ ಹೆಣ್ಣು ಹೆಸರು ಲಾರೆನ್ಸ್‌ನಿಂದ ಹುಟ್ಟಿದ್ದಲ್ಲ. ಅದು ಲೌರುಸ್ ಪದದಿಂದಲೇ ನೇರವಾಗಿ ಬಂದದ್ದು, ಹೆಚ್ಚೆಂದರೆ ದಾಯಾದಿ. ರೋಮ್ ಮೇಲೆ ದಂಡೆತ್ತಿ ಬಂದ ಲಾರ್ಸ್ ಪೋರ್ಸೆನಾನ ‘ಲಾರ್ಸ್’ ಇಟಲಿಯ ಪ್ರಾಚೀನ ಎಟ್ರುಸ್ಕನ್ ಭಾಷೆಯದು, ಸ್ವೀಡನ್ನಿನ ಲಾರ್ಸ್‌ಗೂ ಅದಕ್ಕೂ ನಂಟಿಲ್ಲ. ತಾಣದ ವೃಕ್ಷವನ್ನು ಸರಿಯಾದ ನಮೂದಿನಿಂದ ಶುರುಮಾಡಿ ಇಳಿದರೆ ಈ ತಪ್ಪು ಆಗುವುದಿಲ್ಲ. ಹುಡುಕು ಪೆಟ್ಟಿಗೆಯಲ್ಲಿ ಬಂದ ಪಟ್ಟಿಯನ್ನೇ ಬಳಗ ಎಂದುಕೊಂಡರೆ ಆಗುತ್ತದೆ.

ಈ ವೃಕ್ಷ ಬಹುಮಟ್ಟಿಗೆ ಯುರೋಪಿಗೆ ಸೀಮಿತ ಎಂಬುದು ನಮಗೆ ಕೊರತೆ. ಮಂಗಳೂರು, ಉಡುಪಿ ಸೀಮೆಯಲ್ಲಿ ಈ ಹೆಸರು ಪೋರ್ಚುಗೀಸ್, ಲ್ಯಾಟಿನ್, ಇಂಗ್ಲಿಷ್ ಮೂರರ ಪ್ರಭಾವದಲ್ಲೂ ಬೆಳೆದಿದೆ, ಮನೆಮಾತು ಕೊಂಕಣಿ. ಆ ಕಥೆಗೆ ಇಂಥ ತಾಣದಲ್ಲಿ ಜಾಗವಿಲ್ಲ.

ಒಂದೊಂದು ಹೆಸರಿಗೂ ವರ್ಷದಲ್ಲಿ ಒಂದು ದಿನ ಗೊತ್ತುಮಾಡುವ ಯುರೋಪಿನ ಪದ್ಧತಿಯ ಹೆಸರಿನ ದಿನ, ಅಂದರೆ ನೇಮ್ ಡೇ ವಿಭಾಗ ನಮ್ಮಲ್ಲಿ ಹೆಚ್ಚಿನವರಿಗೆ ಬೇಕಾಗದು, ಆದರೆ ಅಚ್ಚುಕಟ್ಟಾಗಿದೆ. ಸ್ವೀಡನ್ನಿನ ಲಾರ್ಸ್, ಫಿನ್ಲೆಂಡಿನ ಲೌರಿ, ಇಬ್ಬರ ದಿನವೂ ಆಗಸ್ಟ್ 10. ಸ್ಪೇನಿನ ಎರಡನೆಯ ಫಿಲಿಪ್‌ನ ಸೇನೆ 1557ರಲ್ಲಿ ಸಾನ್ ಕ್ವಿಂಟಿನ್ ಕದನ ಗೆದ್ದದ್ದು ಅದೇ ದಿನ. ಎಸ್ಕೊರಿಯಲ್ ಅರಮನೆ-ಮಠ ಈ ಸಂತರ ಹೆಸರಿನಲ್ಲಿ ಇರುವುದು ಹಾಗೆ. ಕಾರ್ಕಳದ ಅತ್ತೂರು ಸಂತ ಲಾರೆನ್ಸ್ ಬಸಿಲಿಕಾಕ್ಕೆ ಹೋಗಬೇಕೆಂದು ಈ ತಾರೀಖು ನೋಡಿಕೊಂಡು ಹೊರಟರೆ ಮಾತ್ರ ಲೆಕ್ಕ ತಪ್ಪುತ್ತದೆ. ಅಲ್ಲಿನ ದೊಡ್ಡ ವಾರ್ಷಿಕ ಹಬ್ಬ, ಎಲ್ಲ ಮತದವರೂ ಸೇರುವ ಅತ್ತೂರು ಜಾತ್ರೆ, ಜನವರಿಯಲ್ಲಿ. ಬಸಿಲಿಕಾ ಎಂಬ ಪದವಿ ಸಿಕ್ಕಿದ್ದು 2016ರಲ್ಲಿ.

ಜನಪ್ರಿಯತೆಯ ನಕ್ಷೆಗಳನ್ನು ಸರ್ಕಾರಿ ಅಂಕಿಗಳಿಂದಲೇ ಮಾಡಿದ್ದಾರೆ, ಆದರೆ ಓದುವ ಕ್ರಮ ಗೊತ್ತಿರಬೇಕು. ಅಮೆರಿಕದ ಪಟ್ಟಿ ಸೋಷಿಯಲ್ ಸೆಕ್ಯುರಿಟಿ ಇಲಾಖೆಯದು, 1880ರಿಂದ ಇದೆ. ಆ ಇಲಾಖೆಯ ತಾಣದಲ್ಲೇ ವರ್ಷಕ್ಕೊಂದು ಕಡತ ಇಳಿಸಿಕೊಳ್ಳಬಹುದು. ಪ್ರತಿ ಸಾಲಿನಲ್ಲಿ ಹೆಸರು, ಲಿಂಗ, ಸಂಖ್ಯೆ, ಇಷ್ಟೇ. ಮೂರು ಎಚ್ಚರ ಬೇಕು. 1937ಕ್ಕಿಂತ ಮೊದಲು ಹುಟ್ಟಿದವರಲ್ಲಿ ಎಷ್ಟೋ ಜನ ಸೋಷಿಯಲ್ ಸೆಕ್ಯುರಿಟಿ ಕಾರ್ಡಿಗೆ ಅರ್ಜಿಯನ್ನೇ ಹಾಕಿರಲಿಲ್ಲ, ಹಾಗಾಗಿ ಹಳೆಯ ಸಂಖ್ಯೆಗಳು ಅರೆಬರೆ. ಒಂದು ವರ್ಷದಲ್ಲಿ ಐದಕ್ಕಿಂತ ಕಡಿಮೆ ಮಕ್ಕಳಿಗಿಟ್ಟ ಹೆಸರನ್ನು ಖಾಸಗಿತನದ ಕಾರಣಕ್ಕೆ ಕೈಬಿಡುತ್ತಾರೆ, ಹಾಗಾಗಿ ಪಟ್ಟಿಯಲ್ಲಿ ಇಲ್ಲ ಎಂದರೆ ಯಾರೂ ಇಟ್ಟಿಲ್ಲ ಎಂದಲ್ಲ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಪ್ರತಿ ಕಾಗುಣಿತವೂ ಬೇರೆ ಹೆಸರು. ‘ಯು’ ಲಾರೆನ್ಸ್, ‘ಡಬ್ಲ್ಯು’ ಲಾರೆನ್ಸ್, ಲೊರೆಂಜೊ, ಲ್ಯಾರಿ ನಾಲ್ಕನ್ನೂ ಕೂಡಿಸದೆ ‘ಹೆಸರು ಹಳತಾಯಿತು’ ಎಂದು ತೀರ್ಪು ಕೊಡಬಾರದು. 1940ರ ದಶಕದಲ್ಲಿ ಅಮೆರಿಕದಲ್ಲಿ ಲ್ಯಾರಿ ಎಂಬುದೇ ಮೊದಲ ಇಪ್ಪತ್ತರೊಳಗಿನ ಹೆಸರಾಗಿತ್ತು.

ದರ್ಜೆಗಿಂತ ಶೇಕಡಾವಾರು ನೋಡುವುದು ಮೇಲು. ಒಂದು ಕಾಲದಲ್ಲಿ ಹೆಚ್ಚು ಮಕ್ಕಳಿಗೆ ಕೆಲವೇ ಹೆಸರು ಸಾಕಾಗುತ್ತಿದ್ದವು. ಈಗ ಹೆಸರುಗಳು ಹರಡಿಕೊಂಡಿವೆ. ಹೀಗಾಗಿ ಅಂದಿನ 30ನೆಯ ಸ್ಥಾನಕ್ಕೂ ಇಂದಿನ 30ನೆಯ ಸ್ಥಾನಕ್ಕೂ ಮಕ್ಕಳ ಸಂಖ್ಯೆಯಲ್ಲಿ ಬಹಳ ಅಂತರ. ಇಟಲಿಯ ಲೊರೆಂಜೊ ಬಗ್ಗೆ ನೇರ ಅಂಕಿ ಬೇಕಾದರೆ ಅಲ್ಲಿನ ಅಂಕಿಅಂಶ ಸಂಸ್ಥೆ ಇಸ್ಟಾಟ್‌ನ ‘ಕಾಂಟನೋಮಿ’ ಸೌಲಭ್ಯ ಇದೆ. ಫ್ರಾನ್ಸಿನ ಲೊರಾಂಗೆ ಇನ್ಸೇ ಸಂಸ್ಥೆಯ 1900ರಿಂದ ಈಚಿನ ಹೆಸರುಗಳ ಕಡತ ಇದೆ. ಎರಡೂ ಉಚಿತ.

ಬಳಕೆದಾರರು ಹೆಸರಿಗೆ ‘ಹಳೆಯ ಕಾಲದ್ದು’, ‘ಯುವಕರದು’, ‘ಗಂಭೀರ’ ಎಂದೆಲ್ಲ ಅಂಕ ಹಾಕುವ ವಿಭಾಗವೊಂದಿದೆ. ಅದನ್ನು ಬಿಟ್ಟುಬಿಡಿ. ಅಂಕ ಹಾಕುವವರು ಹೆಚ್ಚಾಗಿ ಇಂಗ್ಲಿಷ್ ಮಾತಾಡುವ ನಾಡಿನವರು. ಮಂಗಳೂರಿನಲ್ಲಿ ಆ ಹೆಸರು ಹೇಗೆ ಕೇಳುತ್ತದೆ ಎಂಬುದಕ್ಕೆ ಅದು ಅಳತೆಯಲ್ಲ. ಬಳಕೆದಾರರೇ ಸೇರಿಸಿದ ಹೆಸರುಗಳ ಪ್ರತ್ಯೇಕ ವಿಭಾಗದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಅವನ್ನು ಸಂಪಾದಕರು ಪರಿಶೀಲಿಸಿದ ಮುಖ್ಯ ನಮೂದುಗಳಿಂದ ಬೇರೆ ಇಟ್ಟಿದ್ದಾರೆ, ಸರಿ. ಆದರೆ ಗೂಗಲ್‌ನಿಂದ ನೇರ ಆ ಪುಟಕ್ಕೆ ಬಂದವರಿಗೆ ವ್ಯತ್ಯಾಸ ಗೊತ್ತಾಗದೆ ಹೋಗಬಹುದು. ಬಳಕೆದಾರರು ಸಲ್ಲಿಸಿದ್ದು ಎಂಬ ಗುರುತು ಪುಟದಲ್ಲಿ ಇದೆಯೇ ಎಂದು ಮೊದಲು ನೋಡಿ.

ದೊಡ್ಡ ದೂರು ಒಂದೇ. ಮುಖ್ಯ ನಮೂದುಗಳಲ್ಲೂ ಪ್ರತಿ ಮಾತಿಗೆ ಆಕರ ಕೊಟ್ಟಿರುವುದಿಲ್ಲ. ಸಾಮಾನ್ಯ ಗ್ರಂಥಸೂಚಿ ಬೇರೆ ಪುಟದಲ್ಲಿದೆ. ‘ಬಹುಶಃ’ ಎಂದು ಬರೆದಿರುವುದು ಪ್ರಾಮಾಣಿಕ, ಆದರೆ ಯಾರ ಅಭಿಪ್ರಾಯದ ಮೇಲೆ ಬಹುಶಃ ಎಂದು ತಿಳಿಯುವುದಿಲ್ಲ. ಅದಕ್ಕೆ ಇನ್ನೆರಡು ಕಡೆ ಹೋಗಬೇಕು. ಲ್ಯಾಟಿನ್ ಪದಕ್ಕೆ ಲೂಯಿಸ್ ಮತ್ತು ಶಾರ್ಟ್ ಅವರ 1879ರ ನಿಘಂಟು ಪ್ರಾಚೀನ ಗ್ರೀಕ್, ಲ್ಯಾಟಿನ್ ಗ್ರಂಥಗಳ ಪರ್ಸಿಯಸ್ ತಾಣದಲ್ಲಿ ಉಚಿತವಾಗಿದೆ. ಲೌರೆಂಟಮ್ ಎಂಬ ಪದದಡಿ ನೋಡಿದರೆ ಯಾವ ಕವಿ, ಯಾವ ಇತಿಹಾಸಕಾರ ಎಲ್ಲಿ ಬಳಸಿದ್ದಾನೆ ಎಂದು ಸಿಗುತ್ತದೆ. ಮಧ್ಯಯುಗದಲ್ಲಿ ಹೆಸರನ್ನು ನಿಜವಾಗಿ ಹೇಗೆ ಬರೆದರು ಎಂಬುದಕ್ಕೆ ಯುರೋಪಿನ ಆಕರಗಳಿಂದ ಮಧ್ಯಯುಗದ ಹೆಸರುಗಳನ್ನು ಕಲೆಹಾಕುವ ಡಿಎಂಎನ್‌ಇಎಸ್ ನಿಘಂಟು ಇದೆ. ಸುಮಾರು 500ರಿಂದ 1600ರವರೆಗಿನ ದಾಖಲೆಗಳಲ್ಲಿ ಕಂಡ ರೂಪಗಳನ್ನು ದೇಶ, ವರ್ಷ, ಆಕರ ಸಮೇತ ಜೋಡಿಸುತ್ತಾರೆ. ಅಲ್ಲಿ ಮುದ್ದಾದ ಅರ್ಥ ಸಿಗುವುದಿಲ್ಲ, ಸಾಕ್ಷಿ ಸಿಗುತ್ತದೆ.

ಹಳೆಯ ಚರ್ಚ್ ರಿಜಿಸ್ಟರ್ ಹಿಡಿದು ಮನೆತನದ ಮೂಲ ಹುಡುಕುವವರಿಗೆ ಒಂದು ಮಾತು. ಲ್ಯಾಟಿನ್ನಿನಲ್ಲಿ ಹೆಸರಿಗೂ ವಿಭಕ್ತಿ ಹತ್ತುತ್ತದೆ, ಕನ್ನಡದ ಹಾಗೆಯೇ. ದೀಕ್ಷಾಸ್ನಾನದ ದಾಖಲೆಯಲ್ಲಿ ‘ಲೌರೆಂಟಿಯುಮ್’ ಎಂದಿದ್ದರೆ ‘ಲೌರೆಂಟಿಯುಸನನ್ನು’, ಅಂದರೆ ಆ ಮಗುವೇ. ‘ಲೌರೆಂಟಿಇ’ ಎಂದಿದ್ದರೆ ‘ಲೌರೆಂಟಿಯುಸನ’, ಅಂದರೆ ಸಾಮಾನ್ಯವಾಗಿ ತಂದೆಯ ಹೆಸರು. ‘ಲೌರೆಂಟಿಯೊ’ ಎಂದಿದ್ದರೆ ‘ಲೌರೆಂಟಿಯುಸನಿಗೆ’ ಅಥವಾ ‘ಲೌರೆಂಟಿಯುಸನಿಂದ’. ಇವನ್ನು ಹಾಗೇ ಹುಡುಕು ಪೆಟ್ಟಿಗೆಗೆ ಹಾಕಿದರೆ ಏನೂ ಸಿಗದೆ ಹೋಗಬಹುದು, ಇಲ್ಲವೇ ‘ಲೌರೆಂಟಿಯೊ’ ಎಂಬ ಇನ್ನೊಬ್ಬ ವ್ಯಕ್ತಿ ಇದ್ದನೆಂದು ವಂಶಾವಳಿಯಲ್ಲಿ ಹೆಚ್ಚುವರಿ ತಲೆ ಸೇರಿಕೊಳ್ಳುತ್ತದೆ. ಮೊದಲು ಕೊನೆಯನ್ನು ‘ಯುಸ್’ಗೆ ತಿದ್ದಿಕೊಂಡು ಹುಡುಕಿ. ಬರೆಯುವವರು ಹೆಸರನ್ನು ಮೊಟಕಿಸಿ ಕೊನೆಯ ಅಕ್ಷರಗಳನ್ನು ಮೇಲೆ ಸಣ್ಣದಾಗಿ ಬರೆಯುವುದೂ ಉಂಟು. ಆ ಸಣ್ಣ ಅಕ್ಷರಗಳಲ್ಲೇ ವಿಭಕ್ತಿ ಇರುವುದು. ದಾಖಲೆ ಪೋರ್ಚುಗೀಸಿನಲ್ಲಿದ್ದರೆ ಈ ತಾಪತ್ರಯ ಇಲ್ಲ, ಲೊರೆನ್ಸು ಎಂದೇ ಇರುತ್ತದೆ. ಸಿ ಅಕ್ಷರದ ಬಾಲ ಬಿಟ್ಟುಹೋಗಿದ್ದರೆ ‘ಲೊರೆಂಕೊ’ ಎಂದು ಓದಿ ಬಿಡಬೇಡಿ.

ಐದಕ್ಕೆ ನಾಲ್ಕು ಕೊಡಬಹುದು; ಕಳೆದ ಒಂದು ಅಂಕ ಆಕರ ಸೂಚನೆಯ ಲೆಕ್ಕಕ್ಕೆ. ಮಗುವಿಗೆ ಹೆಸರು ಹುಡುಕುವ ತಂದೆತಾಯಿಗೆ ಈ ತಾಣ ಒಂದೇ ಸಾಕು. ಅನುವಾದಕರಿಗೆ, ಪಾತ್ರಗಳಿಗೆ ಹೆಸರಿಡುವ ಕಥೆಗಾರರಿಗೆ ಬಂಧು ಹೆಸರುಗಳ ವೃಕ್ಷವೂ ಭಾಷೆವಾರು ಉಚ್ಚಾರಣೆಯೂ ತುಂಬ ಅನುಕೂಲ. ವಂಶಾವಳಿ ಮಾಡುವವರು ಡಿಎಂಎನ್‌ಇಎಸ್ ಜೊತೆಗಿಟ್ಟುಕೊಳ್ಳಲಿ. ಹೆಸರು ಆರಿಸಿದ ಮೇಲೆ ಕಾಗುಣಿತ ಒಂದನ್ನೇ ಗಟ್ಟಿ ಮಾಡಿಕೊಳ್ಳಿ: ಜನನ ಪ್ರಮಾಣಪತ್ರದಲ್ಲಿ ‘ಡಬ್ಲ್ಯು’, ದೀಕ್ಷಾಸ್ನಾನದ ಪತ್ರದಲ್ಲಿ ‘ಯು’, ಆಧಾರ್‌ನಲ್ಲಿ ಕೊನೆಯ ‘ಇ’ ಬದಲು ‘ಎ’ ಇದ್ದರೆ, ಪಾಸ್‌ಪೋರ್ಟಿನ ಹೊತ್ತಿಗೆ ಮೂರನ್ನೂ ತಿದ್ದಿಸಲು ಅಫಿಡವಿಟ್ ಹಿಡಿದು ಓಡಾಡಬೇಕಾಗುತ್ತದೆ.